ಕಾವಲುಗೂಡಿನ ಕರೆ

ಸ್ಪೇನಿನ ದೊರೆ ನಮ್ಮ ಪೋರ್ತೊಬೆಲೊ ಊರಿನ ಕಡಲಂಚಿಗೆ ಹವಳದ ಕಲ್ಲಿನ ಕೋಟೆ ಕಟ್ಟಿಸಿದ್ದ ಕಾಲದಲ್ಲಿ, ಗೋಡೆಯುದ್ದಕ್ಕೂ ಇದ್ದ ಕಾವಲುಗೂಡುಗಳಲ್ಲಿ ಒಂದರ ಸಿಪಾಯಿ “ಎಚ್ಚರ ಇದೀಯಾ?” ಎಂದು ಕೂಗಿದರೆ, ಪಕ್ಕದ ಗೂಡಿನವನು “ಎಚ್ಚರ ಇದೀನಿ!” ಎಂದು ಓಗೊಟ್ಟು, ಅದೇ ಕರೆಯನ್ನು ಮುಂದಿನ ಗೂಡಿಗೆ ದಾಟಿಸಬೇಕಿತ್ತಂತೆ.

ಅಜ್ಜಿ ತಿಮೊತೆಯಾ ಹುಡುಗಿಯಾಗಿದ್ದಾಗ, ಒಂದು ನಡುಮಧ್ಯಾಹ್ನ ಹಾಳುಕೋಟೆಯಲ್ಲಿ ಆ ಕರೆ ಕೇಳಿ, ಓಗೊಡದೆ ಮೀನಿನ ಬುಟ್ಟಿ ಬಿಸಾಕಿ ಓಡಿಬಂದಿದ್ದಳು.

“ಪಾಪ, ಇನ್ನೂ ಕಾಯ್ತಾನೇ ಇದಾನೆ ಕಣೇ ಸೆಲ್ಮಿರಾ. ನೀನಾದ್ರೂ ಹೋಗಿ ಓಗೊಡೇ.”

“ಕೊಡ್ತೀನಿ ಬಿಡಜ್ಜಿ, ದೆವ್ವಕ್ಕೇನು ಅವಸರ?”

ಹೀಗೆ ನಗುತ್ತಲೇ ಒಂಬತ್ತು ವರ್ಷ ಕಳೆದೆ. “ಹೋಗಿದ್ಯೇನೇ?” ಎಂದು ಕೇಳುತ್ತಲೇ ಅಜ್ಜಿ ಕಣ್ಣುಮುಚ್ಚಿದಳು. ಅವಳಿರುವಾಗಲೇ ಹೋಗಬೇಕಿತ್ತು.

ಮಣ್ಣು ಮಾಡಿದ ಮರುದಿನ ಮಧ್ಯಾಹ್ನ ಹಾಳುಕೋಟೆಗೆ ಹೋಗಿ ಒಂದು ಕಾವಲುಗೂಡು ಹೊಕ್ಕೆ. ಹೊರಗೆ ಫಿರಂಗಿಗಳು ಮುಟ್ಟಿದರೆ ಸುಡುತ್ತಿದ್ದವು. ಗೂಡಿನೊಳಗಿನ ಕಲ್ಲು ಮಾತ್ರ ಬಾವಿನೀರಿನಷ್ಟು ತಣ್ಣಗಿತ್ತು. ಇದ್ದಕ್ಕಿದ್ದಂತೆ ಅಲೆಗಳ ಸದ್ದು ನಿಂತಿತು. ಎಡಗಡೆಯ ಖಾಲಿ ಗೂಡಿನಿಂದ ದಣಿದ ಗಂಡುದನಿ ಬಂತು: “ಎಚ್ಚರ ಇದೀಯಾ?”

“ಎಚ್ಚರ ಇದೀನಿ!” ಎಂದೆ. ಪದ್ಧತಿಯಂತೆ ಬಲಕ್ಕೆ ತಿರುಗಿ ಕರೆಯನ್ನು ದಾಟಿಸಿದೆ.

ಬಲಗಡೆಯ ಗೋಡೆ, ಗೂಡು ಎರಡೂ ಅಜ್ಜಿ ಹುಟ್ಟುವ ಮೊದಲೇ ಕಡಲ ಪಾಲಾಗಿವೆ. ಆ ಬರಿಯ ನೀರಿನ ಕಡೆಯಿಂದ ಯಾರೋ ಓಗೊಟ್ಟರು.