ಮೂವತ್ತೊಂದನೇ ಸ್ಲೈಡಿನ ಮೊಂಡ

"ಮೂವತ್ತೊಂದು... ಒಳಗೆ ಬನ್ನಿ."

ಫೈಲಿನಿಂದ ತಲೆ ಎತ್ತಿದ ವಿಜ್ಞಾನಿಯ ಕೈಯಿಂದ ಪೆನ್ನು ಜಾರಿತು.

ಬಾಗಿಲಲ್ಲಿ ನಿಂತಿದ್ದವನು ಅವನೇ. ಇದೇ ಲ್ಯಾಬಿನಲ್ಲಿ ಸ್ಲೈಡುಗಳಿಗೆ ಬಣ್ಣ ಹಾಕಿ ಅವಳ ಮೇಜಿಗೆ ತಂದುಕೊಡುತ್ತಿದ್ದವನು. ಆರು ವರ್ಷದ ಹಿಂದೆ, ಇಬ್ಬರ ಮದುವೆ ಗೊತ್ತಾಗಿದ್ದಾಗ, "ನನಗೆ ಈ ಮದುವೆ ಬೇಡ" ಎಂದಷ್ಟೇ ಹೇಳಿ ಕೆಲಸವನ್ನೂ ಬಿಟ್ಟು ಹೋದವನು. ಎಷ್ಟು ಸೊರಗಿದ್ದಾನೆ... ಕಣ್ಣೂ ಹಳದಿ ತಿರುಗಿದೆ.

"ನೀವು ತಪ್ಪು ರೂಮಿಗೆ ಬಂದಿದ್ದೀರಿ. ನಾನು ಕರೆದದ್ದು ಮೂವತ್ತೊಂದನೇ ನಂಬರಿನವರನ್ನ."

ಅವನು ಜೇಬಿನಿಂದ ಮಾಸಿದ ಕಾರ್ಡೊಂದನ್ನು ತೆಗೆದು ಮುಂದಿಟ್ಟ. ಮೂವತ್ತೊಂದು.

ಅವಳು ಫೈಲಿನ ನಂಬರು ಮತ್ತೊಮ್ಮೆ ನೋಡಿದಳು.

ಸಕ್ಕರೆ ಕಾಯಿಲೆಯವರ ಹಾಳಾದ ಲಿವರಿಗೆ ಹೊಸ ಮಾತ್ರೆಯೊಂದು ನಾಟುತ್ತದೋ ಇಲ್ಲವೋ ಎಂದು ನೋಡುವ ಸಂಶೋಧನೆ ಅವಳದು. ಲಿವರಿನ ಚೂರು ಸ್ಲೈಡಿಗೆ ಬರುವಾಗ ಅದರ ಮೇಲೆ ನಂಬರು ಮಾತ್ರ. ಯಾರದೆಂದು ಗೊತ್ತಾದರೆ ಓದುವವರ ಮನಸ್ಸು ವಾಲೀತು ಎಂದು ಹೆಸರು ಮುಚ್ಚಿಡುತ್ತಾರೆ. ಮಾತ್ರೆ ಶುರುವಾಗುವ ಮೊದಲೊಂದು, ಆರು ವರ್ಷ ಕಳೆದು ಇನ್ನೊಂದು ಚೂರು ತೆಗೆಯುತ್ತಿದ್ದದ್ದೂ ಬೇರೆ ಡಾಕ್ಟರು. ಸಂಶೋಧನೆ ಮುಗಿದು, ಹೆಸರುಗಳ ಪಟ್ಟಿ ಈ ವಾರವಷ್ಟೇ ಅವಳ ಕೈಗೆ ಬಂದಿತ್ತು. ಆದರೂ ಹೆಸರು ನೋಡದ ಹಳೇ ಚಾಳಿ ಬಿಟ್ಟಿರಲಿಲ್ಲ. ಇವತ್ತೂ ನಂಬರು ಹಿಡಿದೇ ಒಬ್ಬೊಬ್ಬರನ್ನು ಕರೆದು ಫಲಿತಾಂಶ ಹೇಳುತ್ತಿದ್ದಳು.

"ನಿನಗೆ ಕಾಯಿಲೆ ಇತ್ತಾ? ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನಿನ್ನ ಕೆಲಸ ಕೆಡ್ತಿತ್ತು. ನೀನು ಸ್ಲೈಡು ಓದಿದ ಮೇಲೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀನೇ ಹೇಳಿಬಿಟ್ಟೆ."

"ನಾನೇನು ಹೇಳಿದೆ?"

"ಸ್ಲೈಡುಗಳಿಗೆಲ್ಲ ಅಡ್ಡಹೆಸರು ಇಡ್ತಿದ್ದೆಯಲ್ಲ. ಒಂದಕ್ಕೆ ಎಣ್ಣೆ ಅಂಗಡಿ, ಒಂದಕ್ಕೆ ಸೋಮಾರಿ ಸಾಹೇಬ. ಮೂವತ್ತೊಂದಕ್ಕೆ ಮೊಂಡ. ನಾನು ಪಕ್ಕದಲ್ಲೇ ನಿಂತಿದ್ದೆ. ಮೈಕ್ರೋಸ್ಕೋಪಿನಿಂದ ಕಣ್ಣು ತೆಗೀದೆ ನಗ್ತಾ ಅಂದೆ... 'ಈ ಮೊಂಡನ್ನ ಕಟ್ಕೊಂಡೋಳು ಹತ್ತು ವರ್ಷದಲ್ಲಿ ಹಣೆ ಚಚ್ಚಿಕೊಂಡು ಅಳ್ತಾಳೆ ನೋಡು.'"

ಆಡಿದವಳು ಅದನ್ನು ಟೀ ಕುಡಿಯುವಷ್ಟರಲ್ಲಿ ಮರೆತಿದ್ದಳು. ಈಗ ನೆನಪಾಯಿತು.

"ಅವತ್ತು ನೀನೂ ನಕ್ಕಿದ್ದೆ," ಎಂದಳು.

"ನಗದೆ ಏನು ಮಾಡ್ಲಿ?"

ಹೆಂಡತಿಯಾಗುವವಳು ದೊಡ್ಡ ವಿಜ್ಞಾನಿ, ತಾನು ಬರೀ ಟೆಕ್ನಿಷಿಯನ್... ಆ ಅಹಂಕಾರಕ್ಕೇ ಬಿಟ್ಟುಹೋದ ಎಂದು ಇಷ್ಟು ವರ್ಷ ಅವನನ್ನು ಶಪಿಸಿದ್ದಳಲ್ಲ! ಅಮ್ಮ ಗಂಡು ತೋರಿಸಿ ತೋರಿಸಿ ಸೋತಿದ್ದಳು. ಇವಳು ಮಾತ್ರ ಲ್ಯಾಬೇ ಸಾಕೆಂದು ಕೂತಿದ್ದಳು.

"ಫಲಿತಾಂಶ ಹೇಳು," ಎಂದ ಅವನು.

ಕಳೆದ ಸೋಮವಾರ ಅವಳೇ ಮೂವತ್ತೊಂದರ ಎರಡನೇ ಸ್ಲೈಡು ಓದಿ, ಎರಡು ಸಾಲು ಬರೆದು, ಮುಂದಿನದಕ್ಕೆ ಕೈ ಹಾಕಿದ್ದಳು. ಆ ಎರಡು ಸಾಲು ಓದಲು ಈಗ ನಾಲಿಗೆ ಏಳಲಿಲ್ಲ.

"ಲಿವರು ಗಟ್ಟಿಯಾಗಿಬಿಟ್ಟಿದೆ ಕಣೋ. ಮಾತ್ರೆ ನಿನಗೆ ನಾಟಲಿಲ್ಲ. ಬೇರೆ ಲಿವರು ಹಾಕಿಸೋ ಪಟ್ಟಿಗೆ ಹೆಸರು ಕೊಡಬೇಕು. ಸಿಗುತ್ತೋ ಇಲ್ವೋ..."

ಅವನು ಮೆಲ್ಲಗೆ ತಲೆಯಾಡಿಸಿದ. "ನಾನು ದೂರ ಹೋಗಿದ್ದೇ ಒಳ್ಳೇದಾಯ್ತು ಬಿಡು. ನೀನು ಅಳೋದಾದ್ರೂ ತಪ್ಪಿತು."

"ತಪ್ಪಿತಾ? ಆರು ವರ್ಷದಿಂದ ನಾನು ಇನ್ನೇನು ಮಾಡ್ತಿದ್ದೆ ಅಂದ್ಕೊಂಡೆ?"



ಅವಳು ಕಣ್ಣೊರೆಸಿಕೊಂಡಳು. ಪಟ್ಟಿಗೆ ಸೇರಿಸುವ ಅರ್ಜಿ ಹಿಡಿದು, ಮೇಜು ಸುತ್ತಿ ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕೂತಳು.

"ರೋಗಿಯ ಜೊತೆಗಿರುವವರು ಯಾರು ಅಂತ ಕೇಳಿದ್ದಾರೆ."

"ಯಾರೂ ಇಲ್ಲ."

ಅವಳು ತನ್ನ ಹೆಸರು ಬರೆದಳು. ಅವನು ಅರ್ಜಿಯತ್ತ ಬಗ್ಗಿದ.

"ಸಂಬಂಧ ಅಂತ ಇನ್ನೊಂದು ಸಾಲಿದೆಯಲ್ಲ. ಏನು ಬರೀತೀಯ?"

"ಹಣೆ ಚಚ್ಚಿಕೊಳ್ಳೋಳು."

ಅವನು ನಕ್ಕ. ನಗುತ್ತಲೇ ಕಣ್ಣು ತುಂಬಿತು. "ನೀನು ಹೇಳಿದ ಹತ್ತರಲ್ಲಿ ಇನ್ನು ನಾಲ್ಕೇ ವರ್ಷ ಉಳಿದಿರೋದು ಕಣೇ..."

ಅವಳು ಅವನ ತಣ್ಣನೆಯ ಬೆರಳುಗಳನ್ನು ತನ್ನ ಅಂಗೈಯೊಳಗೆ ಸೇರಿಸಿಕೊಂಡಳು.

"ಎಷ್ಟಾದ್ರೂ ಇರಲಿ. ಒಬ್ಬಳೇ ಅತ್ತು ಸಾಕಾಗಿದೆ ಕಣೋ, ಮೊಂಡ."