ಹೋಗಿ ಎಂದುಬಿಟ್ಟ ಮೇಲೆ

"ಅಯ್ಯೋ, ಅಯ್ಯೋ! ನೋಡ್ಕೊಂಡು ಕಾಲಿಡಬಾರದಾ? ಪಾತಿ ಒಡೆದೇ ಹೋಯ್ತಲ್ರೀ!"

ಅರ್ಧ ಕಟ್ಟಿದ ಮನೆಯ ತಾರಸಿಗೆ ಆಗಷ್ಟೇ ಹತ್ತಿ ಬಂದವಳು ಬೆಚ್ಚಿಬಿದ್ದಳು. ಹೊಸದಾಗಿ ಹಾಕಿದ ಕಾಂಕ್ರೀಟ್ ಮೋಲ್ಡ್ ಗಟ್ಟಿಯಾಗಲೆಂದು ಅದರ ಮೇಲೆ ಗಾರೆಯಲ್ಲಿ ಸಣ್ಣ ಸಣ್ಣ ಪಾತಿ ಕಟ್ಟಿ ನೀರು ನಿಲ್ಲಿಸಿದ್ದರು. ಅವಳ ಕಾಲು ಒಂದು ಪಾತಿಯ ಅಂಚನ್ನು ತುಳಿದಿತ್ತು; ನೀರೆಲ್ಲ ಮೆಟ್ಟಿಲಿನ ಕಡೆ ಹರಿಯುತ್ತಿತ್ತು. ಕೂಗಿದವನು ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡು ಓಡಿಬಂದ. ಬರಿಗೈಯಲ್ಲೇ ಗಾರೆ ಬಾಚಿ ಒಡಕು ಮುಚ್ಚಿದ. ಆಮೇಲೆ ತಲೆಯೆತ್ತಿದ. ಅವಳನ್ನು ನೋಡಿದವನು ಏಳುವುದನ್ನೇ ಮರೆತು ಕುಕ್ಕರಗಾಲಲ್ಲೇ ಕೂತುಬಿಟ್ಟ.

"ಮನೆ ಓನರ್ ಅಲ್ವಾ ನೀವು?" ಧ್ವನಿ ತಾನಾಗಿಯೇ ತಗ್ಗಿತು. "ಬೇಜಾರು ಮಾಡ್ಕೋಬೇಡಿ. ನಾನು ಸಿಮೆಂಟ್ ಕಂಪನಿಯವನು. ನಮ್ಮ ಸಿಮೆಂಟ್ ತಗೊಂಡವರ ಮನೆಗೆ ಬಂದು ಹೇಗೆ ಕಲಸಬೇಕು, ಹೇಗೆ ನೀರುಣಿಸಬೇಕು ಅಂತ ಹೇಳಿಕೊಡೋದೇ ನನ್ನ ಕೆಲಸ."

ಓನರ್ ಅಲ್ಲ ಎನ್ನಲು ಅವಳು ಬಾಯಿ ತೆರೆದಳು. ಅವನು ಬಿಟ್ಟರೆ ತಾನೆ? ಮೋಲ್ಡ್ ಎಂದರೆ ಎಳೆ ಮಗುವಂತೆ, ಬಾಯಾರಲು ಬಿಡಬಾರದಂತೆ, ಅವಸರಪಟ್ಟು ಕೆಳಗಿನ ಸೆಂಟ್ರಿಂಗ್ ಹಲಗೆ ಬಿಚ್ಚಬಾರದಂತೆ. ಹೇಳುತ್ತಾ ಹೇಳುತ್ತಾ ಕೈ ಆಡಿಸುತ್ತಿದ್ದ, ಕೈಯ ಗಾರೆ ಅವನ ಅಂಗಿಗೇ ಸಿಡಿಯುತ್ತಿತ್ತು. ಅವಳಿಗೆ ಮಜಾ ಅನ್ನಿಸತೊಡಗಿತು. ಸುಮ್ಮನೆ ತಲೆಯಾಡಿಸುತ್ತ ನಿಂತಳು.

"ಸಾಲ ತಗೊಂಡಿದ್ದೀರಾ?" ಅವನು ಕೇಳಿದ.

"ಹೂಂ. ಯಾಕೆ?"

"ಆ ಸಾಲದ ಕಂಪನಿಯಿಂದ ಇನ್‌ಸ್ಪೆಕ್ಷನ್‌ಗೆ ಬರ್ತಾರಲ್ಲ, ಅವರನ್ನ ಮಾತ್ರ ನಂಬಬೇಡಿ. ಗೇಟ್ ಹತ್ರ ನಿಂತು ಒಂದು ಫೋಟೋ ಹೊಡೆದು ಮಂಗಮಾಯ! ತಾರಸಿ ಹತ್ತಿದವರನ್ನ ನಾನಂತೂ ಈ ಜನ್ಮದಲ್ಲಿ ನೋಡಿಲ್ಲ."

"ಈಗ ನೋಡಿದ್ರಲ್ಲ," ಎಂದು ಅವಳು ದುಪಟ್ಟಾದ ಮರೆಯಿಂದ ಸಾಲದ ಕಂಪನಿಯ ಐಡಿ ಕಾರ್ಡ್ ಎತ್ತಿ ತೋರಿಸಿದಳು.

ಆಗ ಅವನ ಮುಖ ನೋಡಬೇಕಿತ್ತು! ನಾಲಿಗೆ ಕಚ್ಚಿಕೊಂಡ, ಕಿವಿ ಕೆಂಪಾಯಿತು, ಗಾರೆಯ ಕೈಯನ್ನೇ ತಲೆಗೆ ಹಚ್ಚಿಕೊಂಡ. ಅವಳು ನಗು ತಡೆಯಲಾರದೆ ಬೆನ್ನು ತಿರುಗಿಸಿ, ಬಂದ ಕೆಲಸಕ್ಕೆಂದು ಫೋಟೋ ತೆಗೆಯತೊಡಗಿದಳು. ಕ್ಯಾಮೆರಾ ಅಲ್ಲಾಡುತ್ತಿತ್ತು. ಒಂದು ಫೋಟೋ ಕೂಡ ನೆಟ್ಟಗೆ ಬರಲಿಲ್ಲ.

ಊರಂಚಿನಲ್ಲಿ ಹೊಸ ರಿಂಗ್ ರೋಡ್ ಬರುತ್ತಿದ್ದ ಕಾಲ ಅದು. ಫ್ಲೈಓವರ್‌ನ ಕಂಬ ಏಳುವ ಮೊದಲೇ ಅಕ್ಕಪಕ್ಕ ಲೇಔಟ್‌ಗಳು ಎದ್ದಿದ್ದವು. ಬಾಡಿಗೆ ಮನೆಯಲ್ಲಿ ಬೆಂದು ಬಸವಳಿದವರೆಲ್ಲ ಸಾಲ ಮಾಡಿ ಗೋಡೆ ಏಳಿಸುತ್ತಿದ್ದರು. ಎಲ್ಲಿ ನೋಡಿದರೂ ಜಲ್ಲಿ, ಮರಳು, ಧೂಳು. ಅವಳ ಸ್ಕೂಟರ್ ಒಂದು ಕಡೆಯಿಂದ, ಅವನ ಕಂಪನಿಯ ವ್ಯಾನ್ ಇನ್ನೊಂದು ಕಡೆಯಿಂದ. ಎದುರಾಗದೆ ಹೋಗುವುದಾದರೂ ಹೇಗೆ? ಮೇಸ್ತ್ರಿಗಳು ಅವನಿಗೆ 'ನೀರಪ್ಪ' ಎಂದು ಹೆಸರಿಟ್ಟಿದ್ದರು. ನೀರು ಹಾಕಿ, ನೀರು ಹಾಕಿ ಎಂದು ಪ್ರಾಣ ತಿನ್ನುತ್ತಿದ್ದನಲ್ಲ, ಅದಕ್ಕೆ.

"ನೀರಪ್ಪನೋರೇ, ಇವತ್ತು ಯಾರ ಮನೆ ಹಾಳು ಮಾಡ್ತಿದ್ದೀರಾ?" ಎಂದು ಅವಳು ಫೋನ್‌ನಲ್ಲಿ ಕೇಳುವಳು.

"ನೀವು ಫೋಟೋ ತೆಗೆಯೋಕೆ ಹೊರಟಿರೋ ಮನೆನೇ. ಬೇಗ ಬನ್ನಿ, ಗೇಟ್ ತೆಗೆದಿಟ್ಟಿದ್ದೀನಿ."

ಮೊದಮೊದಲು ಮಾತಿಗೊಮ್ಮೆ 'ಮೇಡಂ' ಎನ್ನುತ್ತಿದ್ದವನು ಯಾವಾಗ ಅದನ್ನು ಬಿಟ್ಟನೋ ಅವಳಿಗೂ ತಿಳಿಯಲಿಲ್ಲ. ಅವನು ಕಂಬದ ಅಳತೆ ಹಿಡಿಯುವ ನೆಪದಲ್ಲಿ ನೋಡುವನು. ಅವಳು ಬಿರುಕು ಹುಡುಕುವ ನೆಪದಲ್ಲಿ ನೋಡುವಳು. ಇಬ್ಬರ ಕಣ್ಣೂ ಸಿಕ್ಕಿಬಿದ್ದರೆ ಇಬ್ಬರೂ ಗೋಡೆ ನೋಡುವರು. ಗೋಡೆಯಲ್ಲಿ ಏನೂ ಇರುತ್ತಿರಲಿಲ್ಲ. ಅವನ ವ್ಯಾನ್ ಕಾಣದ ದಿನ ಅವಳಿಗೆ ಹೊತ್ತೇ ಹೋಗುತ್ತಿರಲಿಲ್ಲ, ಸುಮ್ಮನೆ ಎಲ್ಲರ ಮೇಲೂ ರೇಗುತ್ತಿದ್ದಳು.

ಒಂದು ವಿಷಯ ಮಾತ್ರ ಹೇಳಿಬಿಡಬೇಕು. ಅವಳ ಕೆಲಸವೇ ಅಂಥದ್ದು. ಪಾಯ ಆಯಿತೇ, ಗೋಡೆ ಎದ್ದಿತೇ, ಮೋಲ್ಡ್ ಬಿತ್ತೇ ಎಂದು ನೋಡಿ ರಿಪೋರ್ಟ್ ಕೊಟ್ಟರೆ ಮನೆಯವರಿಗೆ ಸಾಲದ ಮುಂದಿನ ಕಂತು ಬಿಡುಗಡೆ. "ಕಣ್ಣಿಗೆ ಕಂಡದ್ದು ಬರಿ, ನಿನ್ನ ಮನಸ್ಸಿನ ಆಸೆ ಬರೀಬೇಡ," ಎಂದು ಮ್ಯಾನೇಜರ್ ಮೊದಲ ದಿನವೇ ಹೇಳಿದ್ದರು. ಮನೆಯವರು ಕಣ್ಣೀರು ಹಾಕಲಿ, ಕಾಂಟ್ರಾಕ್ಟರ್ ಹಲ್ಲು ಗಿಂಜಲಿ, ಅವಳು ತನ್ನ ಮನಸ್ಸನ್ನು ಪಕ್ಕಕ್ಕಿಟ್ಟೇ ಉತ್ತರ ಕೊಡುವಳು. ಆ ಅಭ್ಯಾಸ ಮೈಗೆ ಅಂಟಿಬಿಟ್ಟಿತ್ತು. ಅದೇ ಮುಳುವಾಯಿತು.

ಒಂದು ದಿನ, ಹೊಸದಾಗಿ ಎದ್ದ ಫ್ಲೈಓವರ್ ಕಂಬದ ಕೆಳಗೆ ಟೀ ಕುಡಿಯುತ್ತಿದ್ದಾಗ ಅವನು ಹೇಳಿದ: "ಕಂಪನಿಯವರು ನದಿ ಸೇತುವೆ ಕೆಲಸಕ್ಕೆ ಕರೀತಿದ್ದಾರೆ. ತುಂಬಾ ದೂರ. ಮೂರು ವರ್ಷ ಅಲ್ಲೇ ಇರಬೇಕು. ಸೋಮವಾರ ಹೊರಡಬೇಕಂತೆ. ನೀವು ಏನಂತೀರಾ?"

ಅವಳ ಎದೆ ಧಸಕ್ಕೆಂದಿತು. ಬಾಯಿ ಮಾತ್ರ ತನ್ನ ಪಾಡಿಗೆ ಕೆಲಸ ಶುರುಮಾಡಿತು.

"ಸಂಬಳ ಜಾಸ್ತಿನಾ?"

"ಹೂಂ."

"ಕಲಿಯೋಕೆ ಸಿಗುತ್ತಾ?"

"ಬೇಕಾದಷ್ಟು."

"ಹಾಗಾದ್ರೆ ಹೋಗಿ. ಒಳ್ಳೇ ಅವಕಾಶ."

ಅವನು ಅವಳನ್ನೇ ನೋಡಿದ. "ಅಷ್ಟೇನಾ?"

"ಇನ್ನೇನು?"

ಟೀ ಲೋಟವನ್ನು ಅರ್ಧಕ್ಕೇ ಇಟ್ಟು ಅವನು ಎದ್ದ. "ಸರಿ, ಮೇಡಂ."

ಮೇಡಂ! ಎಂದೋ ಬಿಟ್ಟಿದ್ದ ಆ ಮಾತನ್ನು ಅವನು ಮತ್ತೆ ಎತ್ತಿಕೊಂಡಿದ್ದ.

ಅಂದಿನಿಂದ ನಿಂತಲ್ಲಿ ನಿಲ್ಲಲಾರಳು, ಕೂತಲ್ಲಿ ಕೂರಲಾರಳು. ಫೋನ್ ಕೈಗೆತ್ತಿಕೊಳ್ಳುವುದು, ಕೆಳಗಿಡುವುದು. ಏನೆಂದು ಹೇಳುವುದು? ತಾನು ಹೇಳಿದ್ದರಲ್ಲಿ ತಪ್ಪೇನಿದೆ? ಅವಕಾಶ ಒಳ್ಳೆಯದೇ. ಹಾಗಾದರೆ ಎದೆಯ ಮೇಲೆ ಕಲ್ಲು ಇಟ್ಟಂತೆ ಯಾಕಿದೆ? ಅವನೂ ಫೋನ್ ಮಾಡಲಿಲ್ಲ. ಸೇತುವೆಗೆ ಒಪ್ಪಿಕೊಂಡನೆಂಬ ಸುದ್ದಿ ಯಾರೋ ಮೇಸ್ತ್ರಿಯ ಬಾಯಿಂದ ತಿಳಿಯಿತು.

"ಏನೇ ಇದು, ಒಗೆದ ಬಟ್ಟೆನೇ ಮತ್ತೆ ಒಗೀತಿದ್ದೀಯಾ?" ಅಣ್ಣನ ಮನೆಯ ಬಚ್ಚಲಲ್ಲಿ ಅತ್ತಿಗೆ ಅವಳ ಕೈಯ ಸೋಪು ಕಿತ್ತುಕೊಂಡಳು. "ನಿನ್ನ ನೀರಪ್ಪನ ಸುದ್ದಿನೇ ಇಲ್ಲ. ಜಗಳ ಆಡಿದ್ರಾ?"

ಅವಳು ನಡೆದದ್ದೆಲ್ಲ ಹೇಳಿದಳು. ಅತ್ತಿಗೆ ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ನ ದಡ್ಡಿ! ಅವನು ಕೇಳಿದ್ದು ನಿನ್ನ ಅಭಿಪ್ರಾಯ ಅಲ್ಲ ಕಣೇ, ನಿನ್ನನ್ನ!"

ಅವಳಿಗೆ ಅಳು ಒತ್ತರಿಸಿ ಬಂತು. ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡು ಬಚ್ಚಲಲ್ಲೇ ಕೂತು ಅತ್ತಳು. ಅವನಿಲ್ಲದೆ ಇರಲಾರೆ ಎಂದು ಆಗ ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಅತ್ತಿಗೆ ಸೆರಗಿನಿಂದ ಅವಳ ಮೂಗು ಒರೆಸಿ, "ಇದನ್ನ ನನ್ನ ಹತ್ರ ಹೇಳಿ ಏನು ಉಪಯೋಗ?" ಎಂದಳು.

ಶನಿವಾರ ಬೆಳಿಗ್ಗೆ ಆಫೀಸ್ ತೆರೆಯುತ್ತಲೇ ಅವಳು ಮ್ಯಾನೇಜರ್ ಎದುರು ನಿಂತಿದ್ದಳು.

"ಸರ್, ಆ ನದಿ ಸೇತುವೆ ಕಟ್ತಿರೋ ಊರಲ್ಲಿ ನಮ್ಮ ಕಂಪನಿ ತೆಗೀತಿರೋ ಹೊಸ ಬ್ರಾಂಚಿಗೆ ಯಾರೂ ಹೋಗಲ್ಲ ಅಂತಿದ್ರಲ್ಲ. ನಾನು ಹೋಗ್ತೀನಿ."

"ಅಲ್ಲಿ ಧೂಳು ಬಿಟ್ರೆ ಇನ್ನೂ ಏನೂ ಇಲ್ಲಮ್ಮ. ಸಂಜೆವರೆಗೆ ಯೋಚನೆ ಮಾಡು."

"ಯೋಚನೆ ಆಯ್ತು ಸರ್. ಮಾಡಿದ್ದು ಸಾಕು."

ಅಲ್ಲಿಂದ ಸ್ಕೂಟರ್ ಹಾರಿಸಿಕೊಂಡು ಲೇಔಟ್‌ಗೆ ಬಂದಳು. ಅವನು ಮೇಸ್ತ್ರಿಗಳನ್ನು ಖಾಲಿ ಸೈಟಿನಲ್ಲಿ ಕೂರಿಸಿಕೊಂಡು ಕಾಂಕ್ರೀಟ್ ಕಲಸಿ ತೋರಿಸುತ್ತಿದ್ದ. ಅವನ ಕೊನೆಯ ಪಾಠ. ಮುಖದಲ್ಲಿ ಕಳೆಯಿಲ್ಲ, ಮಾತಿನಲ್ಲಿ ಉಪ್ಪಿಲ್ಲ, ನೀರಿನ ವಿಷಯ ಬಂದಾಗಲೂ ದನಿ ಏರಲಿಲ್ಲ. ಅವಳು ಹಿಂದೆ, ಸಿಮೆಂಟ್ ಮೂಟೆಗಳ ಪಕ್ಕ ನಿಂತಳು.

"ಯಾರಿಗಾದ್ರೂ ಡೌಟ್ ಇದ್ರೆ ಕೇಳಿ," ಎಂದ, ಕೊನೆಗೆ.

"ನಂಗೊಂದು ಡೌಟ್ ಇದೆ!" ಅವಳು ಕೈ ಎತ್ತಿದಳು.

ಅಷ್ಟೂ ತಲೆಗಳು ತಿರುಗಿದವು. ಅವನ ಕೈಯ ಕರಣಿ ಅಲ್ಲೇ ನಿಂತಿತು.

"ಒಬ್ಬಳು ರಿಪೋರ್ಟ್ ಅರ್ಧ ಕೊಟ್ಟು, ಅರ್ಧ ನುಂಗಿಬಿಟ್ಟಿದ್ರೆ, ಈಗ ತಿದ್ದಬಹುದಾ?"

"ಯಾವ ರಿಪೋರ್ಟ್?"

"ಹೋಗಿ ಅಂದದ್ದು. ಅವಕಾಶ ಒಳ್ಳೇದು, ಅದು ನಿಜಾನೇ. ಆದ್ರೆ ನೀವು ಹೋದ್ರೆ ನಂಗೆ ಇಲ್ಲಿ ಉಸಿರು ಕಟ್ಟುತ್ತೆ. ಅದನ್ನ ಹೇಳಲಿಲ್ಲ."

ಹಿರಿಯ ಮೇಸ್ತ್ರಿ ಗಂಟಲು ಸರಿಮಾಡಿಕೊಂಡು, "ಏಳ್ರಪ್ಪ, ಟೀ ಆರಿ ಹೋಗುತ್ತೆ," ಎಂದ. ಟೀ ಇನ್ನೂ ಬಂದೇ ಇರಲಿಲ್ಲ. ಆದರೂ ಎಲ್ಲರೂ ಹಲ್ಲು ಕಿರಿಯುತ್ತ ಎದ್ದರು.

ಇಬ್ಬರೇ ಉಳಿದಾಗ ಅವನೆಂದ: "ನಾನು ಒಪ್ಪಿಕೊಂಡಾಯ್ತು. ಈಗ ಹಿಂದೆ ಸರಿಯೋಕೆ ಆಗಲ್ಲ."

"ಯಾರು ಸರೀರಿ ಅಂದ್ರು? ಹೋಗಿ."

"ಮತ್ತೆ ಹೋಗಿ ಅಂತೀರಲ್ರೀ!"

"ಪೂರ್ತಿ ಕೇಳಿ. ನಾನೂ ಬರ್ತಿದ್ದೀನಿ. ಅಲ್ಲಿ ನಮ್ಮ ಬ್ರಾಂಚ್ ತೆಗೀತಿದ್ದಾರೆ. ಈಗಷ್ಟೇ ಹೇಳಿ ಬಂದೆ."

"ನನ್ನನ್ನ ಕೇಳೋ ಮೊದಲೇ?" ಅವನು ಕಣ್ಣರಳಿಸಿದ. "ನಾನು ಬೇಡ ಅಂದಿದ್ರೆ?"

"ಅಲ್ಲೇ ಧೂಳು ತಿಂತಾ, ನಿಮ್ಮ ಸೇತುವೆ ಯಾವಾಗ ಬೀಳುತ್ತೆ ಅಂತ ಕಾಯ್ತಾ ಕೂರ್ತಿದ್ದೆ."

ಅವನು ನಕ್ಕ. ನಗುತ್ತಲೇ ಕಣ್ಣು ಒದ್ದೆಯಾಯಿತು, ತೋಳಿನಿಂದ ಒರೆಸಿಕೊಂಡ. "ಎಷ್ಟು ದಿನದಿಂದ ಹೇಳಬೇಕು ಅಂತಿದ್ದೆ ಗೊತ್ತಾ? ನೀವು ಅಂದ್ರೆ ನಂಗೆ ಪ್ರಾಣ. ಇನ್ನೂ ಸ್ವಲ್ಪ ಗಟ್ಟಿಯಾಗಲಿ, ಅವಸರ ಬೇಡ ಅಂತ ಕಾಯ್ತಾ ಇದ್ದೆ."

"ಎಲ್ಲದಕ್ಕೂ ಕಾಯೋದೇ ನಿಮಗೆ! ನಾನೇನು ಮೋಲ್ಡಾ?"

ಅವನು ನಲ್ಲಿಯ ಹತ್ತಿರ ಹೋಗಿ ಕೈ ತೊಳೆದ, ಮುಖ ತೊಳೆದ, ಮಡಚಿದ ಪ್ಯಾಂಟ್ ಇಳಿಸಿದ.

"ನಡೀರಿ."

"ಎಲ್ಲಿಗೆ?"

"ನಿಮ್ಮನೆಗೆ. ನಿಮ್ಮ ಅಣ್ಣನ ಹತ್ರ ಈಗಲೇ ಮಾತಾಡ್ತೀನಿ. ಇನ್ನೊಂದು ದಿನ ಬಿಟ್ರೆ ನೀವು ನಂಗೆ ಇನ್ಯಾವುದಾದ್ರೂ ಒಳ್ಳೇ ಅವಕಾಶ ಹುಡುಕಿಬಿಡ್ತೀರಾ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಸ್ಕೂಟರ್ ಹತ್ತಿರ ಹೋದಳು. ಕೀಲಿಯನ್ನು ಅವನ ಅಂಗೈಯಲ್ಲಿಟ್ಟು ಹಿಂದೆ ಕೂತಳು.