ಅಳಿಸಿಹೋದ ಹಾಡು

ಹಾಡು ಮಾಯವಾಗಿತ್ತು.

ಬೆಳಿಗ್ಗೆ ರೆಕಾರ್ಡಿಂಗ್ ಕೋಣೆಯ ಬೀಗ ತೆಗೆದವನು ಸೌಂಡ್ ಎಂಜಿನಿಯರ್. ಇಡೀ ಸ್ಟುಡಿಯೋ ಅವನನ್ನು 'ಕಿವಿ' ಎಂದೇ ಕರೆಯುತ್ತಿತ್ತು. ಕಂಪ್ಯೂಟರ್ ಹಚ್ಚಿ ನೋಡಿದ. ನಿನ್ನೆಯ ಹಾಡು ಇರಲಿಲ್ಲ. ಅದರ ನಕಲು ಇಟ್ಟಿದ್ದ ಹಾರ್ಡ್ ಡಿಸ್ಕ್ ನೆಲದ ಮೇಲೆ ಜಜ್ಜಿಹೋಗಿ ಬಿದ್ದಿತ್ತು. ಪಕ್ಕದಲ್ಲೊಂದು ಇಟ್ಟಿಗೆ. ಕಿಟಕಿಯ ಗಾಜು ಚೂರುಚೂರು.

"ಅಯ್ಯೋ, ಕೆಟ್ಟೆ!" ಎಂದು ತಲೆಯ ಮೇಲೆ ಕೈ ಹೊತ್ತು ಕೂತ.

ಸ್ವಲ್ಪ ಹೊತ್ತಿಗೇ ಇನ್ಸ್‌ಪೆಕ್ಟರ್ ಬಂದಳು. ಕುಳ್ಳಗೆ, ಸಣ್ಣಗೆ ಇದ್ದ ಹೆಂಗಸು. ಠಾಣೆಯಲ್ಲಿ ಬೆನ್ನ ಹಿಂದೆ ಅವಳಿಗೆ 'ಗುಂಡುಸೂಜಿ' ಎನ್ನುತ್ತಿದ್ದರು. ಅವಳಿಗೂ ಗೊತ್ತಿತ್ತು. ಬೇಜಾರೇನೂ ಇರಲಿಲ್ಲ, ಚುಚ್ಚಿಸಿಕೊಂಡವರು ಇಟ್ಟ ಹೆಸರು, ಇರಲಿ ಬಿಡು ಎಂದುಕೊಂಡಿದ್ದಳು.

ಗೇಟಿನ ಹೊರಗೆ ಜನ ಗಂಟಲು ಹರಿದುಕೊಳ್ಳುತ್ತಿದ್ದರು. "ಅಕ್ಕನ ಮಾನ ಕಳೆಯೋ ಸಿನಿಮಾ ಬೇಡ! ನಿಲ್ಲಿಸಿ!"

ಸಿನಿಮಾ ಆ 'ಅಕ್ಕ'ನ ಜೀವನದ್ದೇ. ನಲವತ್ತು ವರ್ಷ ಊರನ್ನು ತಲೆದೂಗಿಸಿದ ಗಾಯಕಿ. ಅವರ ಪಕ್ಕದಲ್ಲಿ ಕೂತು ಪಿಟೀಲು ನುಡಿಸುತ್ತಿದ್ದವನ ಮೇಲೆ ಅವರಿಗೆ ಮನಸ್ಸಾಗಿತ್ತು. ಅವರ ಜನ ಬೇರೆ, ಅವನ ಜನ ಬೇರೆ. ಊರು ಬಾಯಿಗೆ ಬಂದಂತೆ ಆಡಿಕೊಂಡಿತು. ಇಬ್ಬರೂ ದೂರವಾದರು ಎಂಬುದೇ ಎಲ್ಲರಿಗೂ ಗೊತ್ತಿದ್ದ ಕಥೆ. ಪಿಟೀಲಿನವನು ಸತ್ತು ಕೆಲವು ವರ್ಷಗಳಾಗಿದ್ದವು.

"ಇದು ಗೇಟಿನವರದೇ ಕೆಲಸ ಮೇಡಂ," ಎಂದ ಜೊತೆಗಿದ್ದ ಹವಾಲ್ದಾರ್.

ಗುಂಡುಸೂಜಿ ಒಡೆದ ಕಿಟಕಿಯಿಂದ ತಲೆ ಹೊರಹಾಕಿದಳು. ಹೊರಗೆ ಒಳಜಗಲಿ. ಅದರಾಚೆ ಇನ್ನೊಂದು ಗೋಡೆ.

"ಗೇಟಿಂದ ಎಸೆದ ಇಟ್ಟಿಗೆ ಇಲ್ಲಿಗೆ ಬರಬೇಕಾದ್ರೆ ಅದಕ್ಕೆ ಕಾಲಿರಬೇಕಪ್ಪಾ. ಬೀಗ ಸರಿಯಾಗಿದೆ. ಕೀಲಿ ಯಾರ ಹತ್ರ ಇದೆ?"

"ನನ್ನ ಹತ್ರ ಒಂದು. ನಿರ್ದೇಶಕರ ಹತ್ರ ಒಂದು," ಎಂದ ಕಿವಿ. "ಇನ್ನೊಂದು ಆಫೀಸಿನ ಗೋಡೆಗೆ ನೇತುಹಾಕಿರ್ತೀವಿ. ಯಾರು ಬೇಕಾದ್ರೂ ತಗೋಬಹುದು."

"ಚೆನ್ನಾಗಿದೆ ನಿಮ್ಮ ಭದ್ರತೆ! ಹಾಡು ಹೋದ್ರೆ ಇನ್ನೊಂದು ಸಲ ಹಾಡಿಸಿ."

ಕಿವಿಯ ಕಣ್ಣು ತುಂಬಿತು. "ನಾಳೆ ಅಕ್ಕನ ಗಂಟಲಿಗೆ ಆಪರೇಷನ್. ಆಮೇಲೆ ದನಿ ಬರುತ್ತೋ ಇಲ್ವೋ. ಡಾಕ್ಟ್ರು ಇವತ್ತು ಪಿಸುಮಾತೂ ಆಡಬೇಡಿ ಅಂದಿದ್ದಾರೆ. ಆ ಹಾಡು ಕೊನೇದು ಮೇಡಂ."

ಹಾಡಿನ ಹಾಳೆ ಸ್ಟ್ಯಾಂಡಿನ ಮೇಲೆ ಇನ್ನೂ ಇತ್ತು. ಪಿಟೀಲಿನವನೇ ಬರೆದದ್ದಂತೆ. ಗುಂಡುಸೂಜಿ ಮೇಲಿಂದ ಕೆಳಗೆ ಕಣ್ಣಾಡಿಸಿದಳು. 'ಸಂಜೆ ದೀಪ ಹಚ್ಚಿಟ್ಟೆ, ನಮ್ಮೂರಿನವರು ಬಂದರು...' ಓದಿ ಅಲ್ಲೇ ಬಿಟ್ಟಳು.

*

ನಿರ್ದೇಶಕ ಜಗಲಿಯಲ್ಲಿ ಶತಪಥ ಹಾಕುತ್ತಿದ್ದ. ಕುರುಚಲು ಗಡ್ಡ, ದೊಡ್ಡ ಮಾತು.

"ಮೇಡಂ, ನಾನು ತೆಗೀತಿರೋದು ಸಮಾಜದ ಕೆನ್ನೆಗೆ ಬಾರಿಸೋ ಸಿನಿಮಾ. ಯಾರಪ್ಪನಿಗೂ ಹೆದರಲ್ಲ!"

"ಹೆದರಬೇಡಿ. ನಿನ್ನೆ ಎಲ್ಲಿದ್ರಿ?"

"ಹೊರಗಡೆ ಶೂಟಿಂಗ್. ಇಬ್ಬರೂ ಸೇತುವೆ ಮೇಲೆ ದೂರವಾಗೋ ದೃಶ್ಯ. ಇವತ್ತು ಬೆಳಿಗ್ಗೆ ಬಂದೆ. ಆ ಹಾಡನ್ನ ನಾನಿನ್ನೂ ಕೇಳೇ ಇಲ್ಲ. ಹಾಡೋವಾಗ ಅಮ್ಮ ಕಿವಿಯನ್ನ ಬಿಟ್ಟು ಯಾರನ್ನೂ ಕೋಣೆಯೊಳಗೆ ಬಿಡಲಿಲ್ಲ."

"ಅವರು ಹಾಡೋಕಾಗದೇ ಹೋದ್ರೆ?"

"ಒಪ್ಪಂದ ಇದೆಯಲ್ಲ. ಅವರು ಹಾಡಿದ್ದನ್ನ ಹಾಡಿದ ಹಾಗೇ ಇಡಬೇಕು, ಕತ್ತರಿ ಹಾಕಕೂಡದು. ಹಾಡೋಕೇ ಆಗದಿದ್ರೆ ಮಾತ್ರ ಬೇರೆ ಹುಡುಗಿ, ಬರೆದದ್ದನ್ನ ಬರೆದ ಹಾಗೆ." ಅವನು ದನಿ ತಗ್ಗಿಸಿದ. "ನನ್ನ ಕೇಳಿದ್ರೆ, ಅವರ ತಮ್ಮನನ್ನ ವಿಚಾರಿಸಿ. ಊರಿನ ಮುಂದೆ 'ನಮ್ಮನೆಯವರು ಬಂದರು' ಅಂತ ಅಕ್ಕ ಹಾಡಿದ್ರೆ ಆತ ಉರಿದುಬೀಳದೇ ಇರ್ತಾನಾ? ಕೇಸ್ ಹಾಕ್ತೀನಿ ಅಂತ ಇಲ್ಲೇ ಬಂದು ಕೂಗಾಡಿ ಹೋಗಿದ್ದ."

ಮಾತು ನ್ಯಾಯವಾಗಿಯೇ ಇತ್ತು. ಗುಂಡುಸೂಜಿ ತಮ್ಮನನ್ನು ಹುಡುಕಿಕೊಂಡು ಹೊರಟಳು.

*

ದೂರ ಹೋಗಬೇಕಾಗಲಿಲ್ಲ. ಸುದ್ದಿ ಕೇಳಿ ಬಂದ ಅಕ್ಕ ಮೇಕಪ್ ಕೋಣೆಯಲ್ಲಿದ್ದರು; ತಮ್ಮ ಅದರ ಹೊರಗೆ ಬಿಸಿನೀರಿನ ಫ್ಲಾಸ್ಕ್ ಹಿಡಿದು ಕೂತಿದ್ದ. ಅರವತ್ತು ದಾಟಿದ ಮನುಷ್ಯ. ಇಸ್ತ್ರಿ ಹಾಕಿದ ಅಂಗಿ, ಇಸ್ತ್ರಿ ಹಾಕಿದಂಥದ್ದೇ ಮುಖ.

"ನಿಮಗೆ ಈ ಸಿನಿಮಾ ಬೇಡವಂತೆ."

"ಬೇಡ. ಆ ಪಿಟೀಲಿನವನ ಹೆಸರನ್ನೇ ನಮ್ಮನೇಲಿ ಯಾರೂ ಎತ್ತಲ್ಲ. ಅವನಿಂದ ನಾನು ಬೀದಿಯಲ್ಲಿ ತಲೆ ತಗ್ಗಿಸಿ ಓಡಾಡಿದ್ದು ಸಾಕು."

"ನಿನ್ನೆ ಸಂಜೆ ಎಲ್ಲಿದ್ರಿ?"

"ಅಕ್ಕನ ಜೊತೆ ಆಸ್ಪತ್ರೇಲಿ. ಬೇಕಾದ್ರೆ ನರ್ಸನ್ನ ಕೇಳಿ. ಸಿಟ್ಟು ಸಿನಿಮಾ ಮೇಲೆ, ಅಕ್ಕನ ಮೇಲಲ್ಲ."

"ಮತ್ತೆ 'ನಮ್ಮನೆಯವರು ಬಂದರು' ಅನ್ನೋ ಸಾಲು? ಅದಕ್ಕೆ ಸಿಟ್ಟು ಬರಲಿಲ್ವಾ?"

ತಮ್ಮ ಹುಬ್ಬು ಗಂಟಿಕ್ಕಿದ. "ಯಾವ ಸಾಲು? ಹಾಳೆ ನನಗೂ ತೋರಿಸಿದಾರೆ. ಅದರಲ್ಲಿರೋದು 'ನಮ್ಮೂರಿನವರು'. ನಮ್ಮೂರಿನವರು ಅಂದ್ರೆ ಅಂಗಡಿಯವನೂ ಹೌದು, ಪೋಸ್ಟ್‌ಮ್ಯಾನೂ ಹೌದು. ಅದಕ್ಯಾಕ್ರೀ ನನಗೆ ಸಿಟ್ಟು ಬರುತ್ತೆ? 'ನಮ್ಮನೆಯವರು' ಅಂತ ಹೆಂಗಸರು ಯಾರಿಗಂತಾರೆ? ಗಂಡನಿಗೆ! ಹಾಗೆ ಬರೆಯೋ ಧೈರ್ಯ ಅವನಿಗೆಲ್ಲಿತ್ತು?"

ಗುಂಡುಸೂಜಿ ಬಂದ ದಾರಿಯಲ್ಲೇ ದಡದಡನೆ ವಾಪಸ್ ಓಡಿದಳು.

ಕಿವಿಯನ್ನು ಮೂಲೆಗೆ ಕರೆದಳು. "ನಿಜ ಹೇಳು. ಅಕ್ಕ ಹಾಳೇಲಿ ಇರೋ ಹಾಗೇ ಹಾಡಿದ್ರಾ?"

ಕಿವಿ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡ. "ಯಾರಿಗೂ ಹೇಳಬೇಡ ಅಂತ ಅಕ್ಕ ಮಾತು ತಗೊಂಡಿದ್ದಾರೆ."

"ಹಾಡೇ ಹೋಯ್ತಲ್ಲೋ ಮಾರಾಯ, ಇನ್ನು ಮಾತು ಉಳಿಸಿಕೊಂಡು ಏನು ಮಾಡ್ತೀಯಾ?"

"ಒಂದು ಕಡೆ ಬದಲಾಯಿಸಿದ್ರು ಮೇಡಂ. 'ನಮ್ಮನೆಯವರು' ಅಂತ ಹಾಡಿದ್ರು. ನನ್ನ ಮೈ ಜುಮ್ ಅಂತು. ಅದನ್ನ ಕೇಳಿದ್ದು ಈ ಪ್ರಪಂಚದಲ್ಲಿ ನಾನೊಬ್ಬನೇ."

"ಇಲ್ಲ ಕಣಯ್ಯ. ಇಬ್ಬರು," ಎಂದಳು ಗುಂಡುಸೂಜಿ.

*

ಎಲ್ಲರನ್ನೂ ರೆಕಾರ್ಡಿಂಗ್ ಕೋಣೆಗೆ ಕರೆಸಿದಳು. ಅಕ್ಕ ಕುತ್ತಿಗೆಗೆ ಶಾಲು ಸುತ್ತಿಕೊಂಡು ಕುರ್ಚಿಯಲ್ಲಿ ಕೂತರು. ಹಿಂದೆ ತಮ್ಮ ನಿಂತ. ನಿರ್ದೇಶಕ ಬಾಗಿಲಿಗೆ ಒರಗಿದ.

"ನಿರ್ದೇಶಕರೇ, ಆಗ ನನಗೊಂದು ಸಾಲು ಹೇಳಿದ್ರಲ್ಲ, ತಮ್ಮನಿಗೆ ಸಿಟ್ಟು ತರಿಸೋದು. ಇನ್ನೊಂದು ಸಲ ಹೇಳಿ."

"ಯಾವುದು? 'ಸಂಜೆ ದೀಪ ಹಚ್ಚಿಟ್ಟೆ, ನಮ್ಮನೆಯವರು ಬಂದರು.' ಯಾಕೆ?"

ಕಿವಿ ಬೆಚ್ಚಿಬಿದ್ದ. ಅಕ್ಕ ಮೆಲ್ಲಗೆ ತಲೆ ಎತ್ತಿದರು.

"ಹಾಳೇಲಿ ಅದಿಲ್ಲ," ಎಂದಳು ಗುಂಡುಸೂಜಿ. "ಹಾಳೇಲಿರೋದು 'ನಮ್ಮೂರಿನವರು'. ಅಕ್ಕ ಮೈಕಿನ ಮುಂದೆ ಒಂದೇ ಒಂದು ಮಾತು ಬದಲಾಯಿಸಿದ್ರು. ರೆಕಾರ್ಡಿಂಗ್ ಕೇಳಿದವರಿಗೆ ಮಾತ್ರ ಅದು ಗೊತ್ತು. ನೀವು ಕೇಳೇ ಇಲ್ಲ ಅಂದ್ರಿ. ತಮ್ಮನ ತಲೆಗೆ ಕಟ್ಟೋ ಆತುರದಲ್ಲಿ ಆ ಮಾತನ್ನ ನೀವೇ ನನ್ನ ಕೈಗೆ ಕೊಟ್ಟುಬಿಟ್ರಿ. ಇವತ್ತು ಬೆಳಿಗ್ಗೆ ಅಲ್ಲ, ನಿನ್ನೆ ಸಂಜೆಯೇ ಬಂದ್ರಿ. ನಿಮ್ಮ ಕೀಲಿಯಿಂದ ಬಾಗಿಲು ತೆಗೆದು ಹಾಡು ಕೇಳಿದ್ರಿ. ಅಳಿಸಿದ್ರಿ. ಗೇಟಿನವರ ಮೇಲೆ ಹೋಗ್ಲಿ ಅಂತ ಗಾಜು ಒಡೆದ್ರಿ. ಅವಸರದಲ್ಲಿ ಕಿಟಕಿ ಯಾವ ಕಡೆಗಿದೆ ಅಂತಲೂ ನೋಡಲಿಲ್ಲ. ನಿಮ್ಮ ಡ್ರೈವರನ್ನ ಈಗ ತಾನೇ ಹವಾಲ್ದಾರ್ ಮಾತಾಡಿಸಿದ್ದಾರೆ. ನಿನ್ನೆ ಸಂಜೆ ಇಲ್ಲಿಗೇ ಬಿಟ್ಟೆ ಅಂದ."

ನಿರ್ದೇಶಕನ ಮುಖ ಬಿಳಿಚಿಕೊಂಡಿತು. ಒಮ್ಮೆಲೇ ಸಿಡಿದ.

"ಹೌದು, ಅಳಿಸಿದೆ! ಮೂರು ವರ್ಷದಿಂದ ಜೀವ ತೇದಿದ್ದೀನಿ. ಸೇತುವೆ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟದೇ ದೂರವಾಗ್ತಾರೆ. ಥಿಯೇಟರಿನಲ್ಲಿ ಒಂದು ಕಣ್ಣೂ ಒಣಗಿರಬಾರದು. ಅಲ್ಲಿ ಬಂದು 'ನಮ್ಮನೆಯವರು' ಅಂದ್ರೆ? ಎಲ್ಲಾ ಮುಗೀತು! ಪ್ರೀತಿ ಕಳ್ಕೊಂಡವಳಿಗೆ ಜನ ಅಳ್ತಾರೆ ಅಮ್ಮಾ. ಕದ್ದು ಬಾಳಿದವಳನ್ನ ಕ್ಷಮಿಸ್ತಾರಾ? ನಾನು ನಿಮ್ಮ ಹೆಸರನ್ನ ಕಾಪಾಡಿದೆ!"

ಗುಂಡುಸೂಜಿಗೆ ರೇಗಿಹೋಯಿತು. ಸಮಾಜದ ಕೆನ್ನೆಗೆ ಬಾರಿಸಲು ಹೊರಟವನು ಕೊನೆಗೆ ಗೇಟಿನವರ ಕೆಲಸವನ್ನೇ ಮಾಡಿ ಮುಗಿಸಿದ್ದ. ಅವಳು ಬಾಯಿ ತೆರೆಯುವ ಮೊದಲೇ ಅಕ್ಕ ಮಾತಾಡಿದರು. ದನಿ ಒಡೆದುಹೋಗಿತ್ತು.

"ಯಾರು ಕೇಳಿದ್ರು ಕ್ಷಮೆ?"

"ಅಕ್ಕಾ, ಮಾತಾಡಬೇಡ," ಎಂದ ತಮ್ಮ.

"ಸುಮ್ನಿರೋ. ಬಾಯಿ ಮುಚ್ಕೊಂಡು ಮುಚ್ಕೊಂಡೇ ಈ ಗಂಟಲು ಕೆಟ್ಟಿದ್ದು." ಅಕ್ಕ ನಿರ್ದೇಶಕನ ಕಡೆ ತಿರುಗಿದರು. "ಯಾವ ಸೇತುವೆಯಪ್ಪಾ? ನಾವು ಯಾವತ್ತೂ ದೂರ ಆಗಲಿಲ್ಲ. ನಮ್ಮ ಮನೆಗೆ ಎರಡು ಬೀದಿ ಕಡೆ ಎರಡು ಬಾಗಿಲು. ಅವರು ಆ ಬೀದಿಯಿಂದ ಬರೋರು, ನಾನು ಈ ಬೀದಿಯಿಂದ. ಒಳಗೆ ಒಂದೇ ಅಡುಗೆಮನೆ. ಜಗಳ ಆಡಿದ್ವಿ, ಉಂಡ್ವಿ, ನಕ್ಕು ನಕ್ಕು ಸುಸ್ತಾದ್ವಿ. ಊರು ನಮ್ಮನ್ನ ನೋಡಿ ಅಯ್ಯೋ ಪಾಪ ಅಂತಿತ್ತು. ಸಾಕಾಯ್ತು ನನಗೆ ಆ ಅಯ್ಯೋ ಪಾಪ! ಮನೇಲಿ ನಾನು ಹಾಡ್ತಿದ್ದದ್ದು 'ನಮ್ಮನೆಯವರು' ಅಂತಲೇ. ಹೊರಗೆ ತೋರಿಸೋ ಹಾಳೇಲಿ ಅವರು ಹೆದರಿ ಬೇರೆ ಬರೆದ್ರು. ನಾನು ಸುಖವಾಗಿದ್ದೆ. ಅದನ್ನ ಹೇಳದೇ ಸಾಯಲ್ಲ."

ಹವಾಲ್ದಾರ್ ನಿರ್ದೇಶಕನ ತೋಳು ಹಿಡಿದ.

"ಕಿವೀ, ಮೈಕ್ ಹಾಕು," ಎಂದರು ಅಕ್ಕ.

"ಅಕ್ಕಾ, ಡಾಕ್ಟ್ರು..."

"ಡಾಕ್ಟ್ರಿಗೆ ನಾಳೆ ಕೊಡ್ತೀನಿ ಗಂಟಲು. ಇವತ್ತು ಅದು ನಂದು. ಅಂಗಳದ ಸ್ಪೀಕರಿಗೂ ಜೋಡಿಸು. ಗೇಟಿನವರೂ ಕೇಳಲಿ."

ಕಿವಿ ಗುಂಡುಸೂಜಿಯ ಮುಖ ನೋಡಿದ. ಹೊರಗೆ ಜನ ರೊಚ್ಚಿಗೇಳಬಹುದು, ಮೇಲಧಿಕಾರಿಗಳು ಬೈಯಬಹುದು. ಬೈದರೆ ಬೈಯಲಿ ಎನಿಸಿತು ಅವಳಿಗೆ. "ಜೋರಾಗೇ ಇಡು," ಎಂದಳು.

ಅಕ್ಕ ಎದ್ದು ಮೈಕಿನ ಮುಂದೆ ನಿಂತರು. ಆಸರೆಗೆ ಕೈ ಚಾಚಿದರು. ತಮ್ಮ ಕದಲಲಿಲ್ಲ. ಅಕ್ಕನ ಮನೆಗೆ ಹೋದಾಗಲೆಲ್ಲ ಆ ಎರಡನೇ ಬಾಗಿಲಿಗೆ ಬೆನ್ನು ಹಾಕಿಯೇ ಕೂತವನು ಅವನು. ಅವನ ಇಸ್ತ್ರಿ ಮುಖ ಮುದುಡಿತು. ಆಮೇಲೆ ಬಂದು ಅಕ್ಕನ ಕೈ ಗಟ್ಟಿಯಾಗಿ ಹಿಡಿದುಕೊಂಡ.

"ಹಾಡಕ್ಕಾ," ಎಂದ. "ಭಾವನಿಗೆ ಕೇಳೋ ಹಾಗೆ ಹಾಡು."

ಅಕ್ಕ ಅವನನ್ನೇ ನೋಡಿದರು. ಆ ಮಾತು ಅವನ ಬಾಯಿಂದ ಬಂದದ್ದು ಇದೇ ಮೊದಲು. ಕಣ್ಣೊರೆಸಿಕೊಂಡು, ಒಡೆದ ದನಿಯಲ್ಲೇ, ನಗುತ್ತಾ ಹಾಡಲು ಶುರುಮಾಡಿದರು.